ಎಸಿ ತೆಗೆದ ಮಿಯಾಟಾ ತಕರಾರು ಮಾಡುತ್ತಿದೆಯೇ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಬಟ್ಟೆ ಟಾಪಿನ ಪುಟ್ಟ ಕಾರು ಮಾಜ್ದಾ ಎಂಎಕ್ಸ್-5 ಮಿಯಾಟಾ ಮೊದಲು ಕಾಣಿಸಿಕೊಂಡದ್ದು 1989ರ ಫೆಬ್ರವರಿಯಲ್ಲಿ, ಶಿಕಾಗೊ ಆಟೊ ಶೋನಲ್ಲಿ. 1997ರವರೆಗೆ ತಯಾರಾದ ಅದರ ಮೊದಲ ತಲೆಮಾರಿಗೆ ‘ಎನ್‌ಎ’ ಎಂಬ ಹೆಸರು. ಅಮೆರಿಕದ ಕಾರುಗಳಲ್ಲಿ 1993ರ ತನಕ 1.6 ಲೀಟರ್ ಎಂಜಿನ್, 1994ರಿಂದ 1.8. ಭಾರತದಲ್ಲಿ ಈ ಕಾರು ಅಧಿಕೃತವಾಗಿ ಮಾರಾಟಕ್ಕೆ ಬರಲಿಲ್ಲ. ಹಾಗಾಗಿ ಇದನ್ನು ಓದುವ ಹೆಚ್ಚಿನವರು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಆಸ್ಟ್ರೇಲಿಯಾದಲ್ಲೋ ನೆಲೆಸಿ, ಮನೆಯ ಗ್ಯಾರೇಜಿನಲ್ಲಿ ಇಂಥದೊಂದು ಕಾರು ಇಟ್ಟುಕೊಂಡವರೇ ಇರಬೇಕು.

ಇದರ ಎಸಿ ತೆಗೆಯಲು ಹೊರಡುವವರಿಗೆ ಕಾರಣಗಳು ಬೇಕಾದಷ್ಟಿವೆ. ಗ್ಯಾಸ್ ಸೋರುತ್ತದೆ, ಕಂಪ್ರೆಸರ್ ಜಾಮ್ ಆಗಿದೆ, ಟರ್ಬೊ ಕೂರಿಸಲು ಜಾಗ ಬೇಕು, ಮೂತಿಯ ಭಾರ ಇಳಿಯಬೇಕು. ಬಿಚ್ಚುವುದು ಕಷ್ಟವೂ ಅಲ್ಲ. ಆದರೆ ಎಸಿ ಆ ಕಾರಿನಲ್ಲಿ ಒಂಟಿಯಾಗಿ ಬದುಕುತ್ತಿರಲಿಲ್ಲ. ಬೆಲ್ಟನ್ನು ಪವರ್ ಸ್ಟಿಯರಿಂಗ್ ಜೊತೆ, ಗಾಳಿಯನ್ನು ರೇಡಿಯೇಟರ್ ಜೊತೆ, ಕರೆಂಟನ್ನು ಎಂಜಿನ್ ಕಂಪ್ಯೂಟರ್ ಜೊತೆ, ಡ್ಯಾಶ್‌ಬೋರ್ಡಿನ ಒಳದಾರಿಯನ್ನು ಹೀಟರ್ ಜೊತೆ ಹಂಚಿಕೊಂಡಿತ್ತು. ತೆಗೆದ ಮೇಲೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ನಾಲ್ಕು ಜಾಗಗಳಲ್ಲೇ. ಆದ್ದರಿಂದ ಹೊಸ ಭಾಗ ಕೊಳ್ಳುವ ಮೊದಲು ಅಲ್ಲಿ ಹುಡುಕಿ.

ಇನ್ನೂ ತೆಗೆದಿಲ್ಲ: ತಂಪಿಲ್ಲ, ಅಥವಾ ಎಂಜಿನ್ ಮುಂಭಾಗದಲ್ಲಿ ಸದ್ದು

ತಂಪಿಲ್ಲ ಎಂಬುದೊಂದೇ ಕಾರಣವಾದರೆ ಮೊದಲು ಕಾಸು ಖರ್ಚಿಲ್ಲದ ಪರೀಕ್ಷೆ ಮಾಡಿ. ಎಂಜಿನ್ ಓಡುತ್ತಿರುವಾಗ ಬ್ಲೋವರ್ ಹಾಕಿ, ಒಬ್ಬರು ಎಸಿ ಬಟನ್ ಒತ್ತಲಿ, ನೀವು ದೂರದಿಂದಲೇ ಕಂಪ್ರೆಸರಿನ ಮುಖ ನೋಡಿ. ‘ಟಕ್’ ಎಂದು ಕ್ಲಚ್ ಕಚ್ಚಿಕೊಂಡು ಮುಂದಿನ ತಟ್ಟೆ ತಿರುಗತೊಡಗಿದರೆ ವಿದ್ಯುತ್ ದಾರಿ ಸರಿಯಿದೆ. ಕಚ್ಚದಿದ್ದರೆ ಫ್ಯೂಸ್, ಆಮೇಲೆ ರಿಲೇ, ಆಮೇಲೆ ಗ್ಯಾಸಿನ ಪ್ರೆಷರ್ ಸ್ವಿಚ್. ಗ್ಯಾಸ್ ತೀರಾ ಕಡಿಮೆಯಾದಾಗ ಈ ಸ್ವಿಚ್ ಕಂಪ್ರೆಸರನ್ನು ಉಳಿಸಲು ತಾನೇ ಕರೆಂಟು ಕಡಿಯುತ್ತದೆ. ಎಷ್ಟೋ ಕಾರುಗಳಲ್ಲಿ ದೋಷವೆಂದರೆ ಗಟ್ಟಿಯಾಗಿಹೋದ ರಬ್ಬರ್ ಓ-ರಿಂಗ್ ಅಷ್ಟೆ. ಫೀನಿಕ್ಸ್, ಡಲ್ಲಾಸಿನಂಥ ಊರಿನಲ್ಲಿ ಇರುವವರು ಅದಕ್ಕಾಗಿ ಇಡೀ ಎಸಿಯನ್ನೇ ಕಿತ್ತುಹಾಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸದ್ದಿನ ವಿಷಯಕ್ಕೆ ಈ ಕಾರಿನಲ್ಲಿ ಒಂದು ಅನುಕೂಲವಿದೆ. ಆಲ್ಟರ್ನೇಟರ್ ಮತ್ತು ವಾಟರ್ ಪಂಪ್ ಒಂದು ಬೆಲ್ಟಿನಲ್ಲಿ, ಪವರ್ ಸ್ಟಿಯರಿಂಗ್ ಮತ್ತು ಎಸಿ ಇನ್ನೊಂದು ಬೆಲ್ಟಿನಲ್ಲಿ ಓಡುತ್ತವೆ. ಎಂಜಿನ್ ನಿಲ್ಲಿಸಿ ಎಸಿ ಬೆಲ್ಟನ್ನು ಕಳಚಿ, ನಿಂತಲ್ಲೇ ಒಂದು ನಿಮಿಷ ಎಂಜಿನ್ ಓಡಿಸಿ. ಸದ್ದು ಹಾಗೇ ಇದ್ದರೆ ಅದು ಎಸಿಯದ್ದಲ್ಲ, ವಾಟರ್ ಪಂಪ್ ಅಥವಾ ಆಲ್ಟರ್ನೇಟರ್ ಬೇರಿಂಗ್ ಕಡೆ ನೋಡಿ. ಸದ್ದು ನಿಂತರೆ ಎಂಜಿನ್ ಆರಿಸಿ, ಕಂಪ್ರೆಸರ್ ಪುಲ್ಲಿ, ಸ್ಟಿಯರಿಂಗ್ ಪಂಪ್ ಪುಲ್ಲಿ ಎರಡನ್ನೂ ಕೈಯಿಂದ ತಿರುಗಿಸಿ. ಮರಳು ಸಿಕ್ಕಂತೆ ಗರಗರ ಎನ್ನುವುದೇ ದೋಷಿ. ಎಸಿ ಆಫ್ ಇದ್ದಾಗಲೂ ಬರುವ ಸದ್ದು ಪುಲ್ಲಿಯ ಬೇರಿಂಗಿನದು. ಎಸಿ ಹಾಕಿದಾಗ ಮಾತ್ರ ಬರುವ ಕುಟ್ಟುವ ಸದ್ದು ಕಂಪ್ರೆಸರಿನ ಒಳಗಿನದು.

ಪೈಪ್ ಬಿಚ್ಚಬೇಕು, ಗ್ಯಾಸ್ ಇದೆಯೋ ಇಲ್ಲವೋ ತಿಳಿಯದು

ಇಲ್ಲಿ ಕೈ ನಿಲ್ಲಿಸಿ. ಇದು ನೀವೇ ಮಾಡುವ ಕೆಲಸವಲ್ಲ.

1993ರವರೆಗಿನ ಮಿಯಾಟಾಗಳಲ್ಲಿ ಆರ್-12 ಗ್ಯಾಸ್, 1994ರಿಂದ ಆರ್-134ಎ. ಬಾನೆಟ್ ಕೆಳಗಿನ ಚೀಟಿ ನೋಡಿ. ಅದು ಹರಿದುಹೋಗಿದ್ದರೆ ಗ್ಯಾಸ್ ತುಂಬುವ ಬಾಯಿ ನೋಡಿ: ಹೊರಗೆ ಸ್ಕ್ರೂ ಮರೆಗಳಿದ್ದರೆ ಆರ್-12, ನುಣುಪಾಗಿ ಕ್ಲಿಪ್ ಕಚ್ಚುವಂತಿದ್ದರೆ ಆರ್-134ಎ. ಹಳೆಯ ಕಾರಿನ ಮೇಲೆ ಅಡಾಪ್ಟರ್ ಕಂಡರೆ ನಡುವೆ ಯಾರೋ ಗ್ಯಾಸ್ ಬದಲಿಸಿದ್ದಾರೆ ಎಂದರ್ಥ. ಎರಡೂ ಬೆರೆತಿರುವ ಸಾಧ್ಯತೆಯಿದೆ ಎಂದು ವರ್ಕ್‌ಶಾಪಿನವರಿಗೆ ಮೊದಲೇ ಹೇಳಿ. ಬೆರೆತ ಗ್ಯಾಸ್ ಅವರ ಯಂತ್ರವನ್ನೂ ಅದರೊಳಗಿನ ಶುದ್ಧ ಗ್ಯಾಸನ್ನೂ ಕೆಡಿಸುತ್ತದೆ.

‘ಎಸಿ ತಂಪಾಗುತ್ತಿಲ್ಲ, ಹಾಗಾದರೆ ಗ್ಯಾಸ್ ಖಾಲಿ’ ಎಂಬ ಲೆಕ್ಕಾಚಾರವೇ ಬಹಳ ಜನರನ್ನು ಅಪಾಯಕ್ಕೆ ತಳ್ಳುವುದು. ಈ ಗ್ಯಾಸ್ ಪೈಪಿನೊಳಗೆ ದ್ರವವಾಗಿಯೂ ಇರುತ್ತದೆ. ಸ್ವಲ್ಪವೇ ದ್ರವ ಉಳಿದಿದ್ದರೂ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಗಿನ ಒತ್ತಡ ಸುಮಾರು 80 ಪಿಎಸ್‌ಐ. ಪೂರ್ತಿ ತುಂಬಿದ್ದಾಗ ನಿಂತ ಕಾರಿನಲ್ಲಿ ತೋರುವುದೂ ಅಷ್ಟೇ. ಅಂದರೆ ಎಷ್ಟು ಗ್ಯಾಸಿದೆ ಎಂದು ಗೇಜ್ ಹೇಳದು, ತಂಪಿಲ್ಲದ ಎಸಿಯೂ ಹೇಳದು. ಆರ್-12 ಕುದಿಯುವುದು ಮೈನಸ್ 30 ಡಿಗ್ರಿಯ ಹತ್ತಿರ, ಆರ್-134ಎ ಮೈನಸ್ 26ರ ಹತ್ತಿರ. ಬಿಚ್ಚಿದ ನಟ್ಟಿನ ಸಂದಿಯಿಂದ ಅದು ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು, ಕೈಗೆ ಬಿದ್ದರೆ ಚರ್ಮ ಹೆಪ್ಪುಗಟ್ಟುತ್ತದೆ. ಆರ್-12ಕ್ಕೆ ಬೆಂಕಿ ತಾಗಿದರೆ ಫಾಸ್ಜೀನ್‌ನಂಥ ವಿಷಾನಿಲ ಹುಟ್ಟುತ್ತದೆ. ಆದ್ದರಿಂದ ಗ್ಯಾಸಿರುವ ಪೈಪಿನ ಬಳಿ ವೆಲ್ಡಿಂಗ್, ಬೆಂಕಿಯುಗುಳುವ ಟಾರ್ಚ್, ಸಿಗರೇಟು ಯಾವುದೂ ಬೇಡ.

ಕಾನೂನೂ ಇದೆ. ಅಮೆರಿಕದಲ್ಲಿ ಆರ್-12ನ್ನು ಗಾಳಿಗೆ ಬಿಡುವುದು 1992ರ ಜುಲೈನಿಂದ ನಿಷಿದ್ಧ, ಆರ್-134ಎ 1995ರ ನವೆಂಬರಿನಿಂದ. ಆರ್-12 ಓಜೋನ್ ಪದರವನ್ನು ತಿನ್ನುತ್ತದೆ, ಆರ್-134ಎ ಓಜೋನಿಗೆ ಕೈ ಹಚ್ಚದಿದ್ದರೂ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಕ್ಲೀನ್ ಏರ್ ಆಕ್ಟ್‌ನ 609ನೇ ವಿಧಿಯ ಪ್ರಮಾಣಪತ್ರ ಇರುವ ಎಸಿ ಅಂಗಡಿಗೆ ಹೋಗಿ, ‘ರಿಕವರಿ ಮಾತ್ರ ಮಾಡಿಕೊಡಿ’, ಅಂದರೆ ಗ್ಯಾಸನ್ನು ಯಂತ್ರದಿಂದ ಹೀರಿ ತೆಗೆದುಕೊಡಿ ಎಂದು ಕೇಳಿ. ಅಮೆರಿಕದಲ್ಲಿ ಆರ್-12 ತಯಾರಿಕೆ 1995ರ ಕೊನೆಗೇ ನಿಂತದ್ದರಿಂದ ಅದಕ್ಕೆ ಬೆಲೆಯಿದೆ, ಕೂಲಿಯಲ್ಲಿ ರಿಯಾಯಿತಿ ಕೊಡುತ್ತೀರಾ ಎಂದು ವಿಚಾರಿಸುವುದರಲ್ಲಿ ತಪ್ಪಿಲ್ಲ.

ಗ್ಯಾಸ್ ಹೋದ ಮೇಲೂ ಕಂಪ್ರೆಸರಿನಲ್ಲಿ ಎಣ್ಣೆ ಉಳಿದಿರುತ್ತದೆ. ಬಾಯಿಗಳಿಗೆ ಬಿರಡೆ ಹಾಕಿಯೇ ಇಳಿಸಿ. ಕೆಲಸಕ್ಕೆ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಈ ಕಾರಿನಲ್ಲಿ ಬ್ಯಾಟರಿ ಇರುವುದು ಡಿಕ್ಕಿಯಲ್ಲಿ.

ಬೆಲ್ಟ್ ಕಿರುಗುಟ್ಟುತ್ತದೆ, ಸ್ಟಿಯರಿಂಗ್ ಭಾರ

ಕಂಪ್ರೆಸರ್ ಹೋದ ಮೇಲೆ ಹಳೆಯ ಬೆಲ್ಟ್ ಉದ್ದವಾಗುತ್ತದೆ. ಪಂಪನ್ನು ಕೊನೆಯವರೆಗೆ ಎಳೆದು ಅದನ್ನೇ ಹೊಂದಿಸಲು ನೋಡಬೇಡಿ. ಕ್ರ್ಯಾಂಕ್ (ಎಂಜಿನ್ ತಿರುಗಿಸುವ ಮುಖ್ಯ ದಂಡ) ಪುಲ್ಲಿ ಮತ್ತು ಸ್ಟಿಯರಿಂಗ್ ಪಂಪ್ ಪುಲ್ಲಿ ಎರಡನ್ನೂ ಬಳಸಿ ಹಿಗ್ಗದ ದಾರ ಸುತ್ತಿ, ಆ ಉದ್ದಕ್ಕೆ ಹತ್ತಿರದ, ಹಳೆಯದರಷ್ಟೇ ಕೊರಕಲು ಸಾಲುಗಳಿರುವ ಬೆಲ್ಟ್ ತನ್ನಿ. ಅಳೆಯುವಾಗ ಪಂಪ್ ತನ್ನ ಸೀಳುಗಂಡಿಯ ನಡುಮಧ್ಯದಲ್ಲಿರಲಿ, ಆಗ ಬಿಗಿಮಾಡಲೂ ಸಡಿಲಿಸಲೂ ಜಾಗ ಸಿಗುತ್ತದೆ. ಮೊದಲಿನಿಂದಲೂ ಪವರ್ ಸ್ಟಿಯರಿಂಗ್ ಇಲ್ಲದ ಕಾರಾದರೆ ಈ ಬೆಲ್ಟೇ ಬೇಡ.

ಸ್ಟಾರ್ಟ್ ಮಾಡಿದ ತಕ್ಷಣ ಅಥವಾ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಕಿರುಗುಟ್ಟಿದರೆ ಬೆಲ್ಟ್ ಸಡಿಲ. ಬೆಲ್ಟಿನ ನಡುವೆ ಗಟ್ಟಿಯಾಗಿ ಒತ್ತಿದಾಗ ಸುಮಾರು ಒಂದು ಸೆಂಟಿಮೀಟರ್ ಬಾಗಿದರೆ ಸರಿ. ವೇಗದೊಂದಿಗೆ ಏರುವ ಕೊಳಲಿನಂಥ ಕೊರಗು ಬಂದರೆ ಬಿಗಿ ಹೆಚ್ಚಾಗಿದೆ, ಇಲ್ಲವೇ ಸ್ಟಿಯರಿಂಗ್ ಎಣ್ಣೆಯಲ್ಲಿ ಗಾಳಿ ಸೇರಿದೆ. ಎಣ್ಣೆ ಮಟ್ಟ ನೋಡಿ, ಅದರಲ್ಲಿ ನೊರೆ ಇದೆಯೇ ಎಂದು ನೋಡಿ.

ಬೆಲ್ಟ್ ಸರಿಯಿದ್ದೂ ನಡುಗುತ್ತಿದ್ದರೆ ಕ್ರ್ಯಾಂಕ್ ಪುಲ್ಲಿಯನ್ನು ಪಕ್ಕದಿಂದ ದಿಟ್ಟಿಸಿ. ಅದು ಓಲಾಡುತ್ತಿದೆಯೇ? 1990ರ ಮತ್ತು 1991ರ ಆರಂಭದ 1.6 ಎಂಜಿನ್ನುಗಳಲ್ಲಿ ಕ್ರ್ಯಾಂಕಿನ ಮೂತಿ ಗಿಡ್ಡ. ಅವುಗಳಲ್ಲಿ ಪುಲ್ಲಿಯನ್ನು ಹಿಡಿದಿಡುವ ಕೀಲಿ ಕೂರುವ ಕೊರಕಲು ಸವೆದುಹೋಗುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಬೋಲ್ಟಿನ ಸುತ್ತ ಪುಲ್ಲಿಯಲ್ಲಿ ನಾಲ್ಕು ಸೀಳುಗಳಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದ ಮೂತಿ. ನಾಲ್ಕು ಸೀಳಿನ ಪುಲ್ಲಿ ಓಲಾಡುವುದು ಕಂಡರೆ ಎಂಜಿನ್ ಆರಿಸಿ, ಅದನ್ನು ಬಲ್ಲ ಮೆಕ್ಯಾನಿಕ್ ಕರೆಯಿರಿ. ಬೋಲ್ಟನ್ನು ಇನ್ನಷ್ಟು ಬಿಗಿದು ಓಡಿಸಬೇಡಿ. ಟೈಮಿಂಗ್ ಬೆಲ್ಟ್ ಓಡುವುದೂ ಅದೇ ಮೂತಿಯ ಮೇಲೆ.

ಎಂಜಿನ್ ಬಿಸಿಯಾಗುತ್ತದೆ

ರೇಡಿಯೇಟರಿನ ಮುಂದೆ ಕೂರುವ ಎಸಿಯ ಜಾಲರಿ, ಅಂದರೆ ಕಂಡೆನ್ಸರ್, ತೆಗೆದರೆ ರೇಡಿಯೇಟರಿಗೆ ಗಾಳಿ ಸಲೀಸಾಗಬೇಕು, ತಂಪು ಹೆಚ್ಚಬೇಕು. ಬದಲಿಗೆ ಬಿಸಿಯಾದರೆ ಯಾವಾಗ ಬಿಸಿಯಾಗುತ್ತದೆ ಎಂಬುದನ್ನು ಗಮನಿಸಿ. ಅರ್ಧ ಉತ್ತರ ಅಲ್ಲೇ ಇದೆ.

ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿ, ಹೈವೇಯಲ್ಲಿ ಸರಿ ಎಂದಾದರೆ ಫ್ಯಾನ್. ಎಸಿ ಇದ್ದ ಎನ್‌ಎಯಲ್ಲಿ ಎರಡು ಫ್ಯಾನುಗಳಿವೆ: ಮುಖ್ಯ ಫ್ಯಾನ್ ಕೂಲೆಂಟಿನ (ಎಂಜಿನ್ ತಣಿಸುವ ದ್ರವದ) ಬಿಸಿಗೆ ತಿರುಗುತ್ತದೆ, ಎರಡನೆಯದು ಎಸಿಗಾಗಿ. ಎಸಿ ಇಲ್ಲದ ಮಿಯಾಟಾಗಳು ಒಂದೇ ಫ್ಯಾನಿನಲ್ಲಿ ಚೆನ್ನಾಗಿ ಓಡುತ್ತವೆ, ಹಾಗಾಗಿ ಎರಡನೆಯದು ಹೋದದ್ದು ಕಾರಣವಲ್ಲ. ಮುಖ್ಯ ಫ್ಯಾನ್ ಎಂದೋ ಸತ್ತಿದ್ದು, ಎಸಿ ಹಾಕಿದಾಗಲೆಲ್ಲ ಎರಡನೆಯದು ಕಾರನ್ನು ಕಾಪಾಡುತ್ತಿತ್ತು ಎಂಬುದು ಹಲವು ಸಲ ಈಗ ಬಯಲಾಗುತ್ತದೆ. ಪರೀಕ್ಷೆ ಸುಲಭ. ಬಾನೆಟ್ ಕೆಳಗಿನ ಡಯಾಗ್ನಸಿಸ್ ಡಬ್ಬಿ ತೆರೆದು, ಕೀ ಆನ್ ಇಟ್ಟು, ‘ಟಿಎಫ್‌ಎ’ ಕಿಂಡಿಯನ್ನು ‘ಜಿಎನ್‌ಡಿ’ ಕಿಂಡಿಗೆ ಒಂದು ತುಂಡು ವೈರಿನಿಂದ ಜೋಡಿಸಿ. ಮುಖ್ಯ ಫ್ಯಾನ್ ತಿರುಗಬೇಕು. ಬೆರಳು, ತೋಳು, ವೈರ್ ಎಲ್ಲ ಫ್ಯಾನಿನಿಂದ ದೂರವಿರಲಿ. ತಿರುಗಿದರೆ ಫ್ಯಾನ್, ರಿಲೇ ಸರಿಯಿವೆ, ಥರ್ಮೋಸ್ವಿಚ್ ಅಥವಾ ಅದರ ಕನೆಕ್ಟರ್ ನೋಡಿ. ತಿರುಗದಿದ್ದರೆ ಫ್ಯೂಸ್, ರಿಲೇ, ಕೊನೆಗೆ ಮೋಟರ್.

ಎಸಿ ಫ್ಯಾನನ್ನು ಉಳಿಸಿಕೊಂಡು ಮುಖ್ಯ ಫ್ಯಾನಿನ ಜೊತೆ ಓಡಿಸುವುದು ಒಳ್ಳೆಯ ಉಪಾಯ. ಆದರೆ ಅದೇ ವೈರಿಗೆ ನೇತುಹಾಕಬೇಡಿ. ಬೇರೆ ರಿಲೇ, ಬೇರೆ ಫ್ಯೂಸ್ ಕೊಡಿ.

ಹೈವೇಯಲ್ಲಿ ಬಿಸಿ, ನಿಂತಾಗ ಸರಿ ಎಂದಾದರೆ ಕಾರಿನ ಕೆಳಗೆ ಬಗ್ಗಿ ನೋಡಿ. ಮೂತಿಯ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ತಟ್ಟೆ ಇರಬೇಕು. ಕಂಪ್ರೆಸರ್ ಇಳಿಸಲು ಬಿಚ್ಚಿದ್ದು ಹಲವು ಗ್ಯಾರೇಜುಗಳಲ್ಲಿ ಮೂಲೆಯಲ್ಲೇ ಉಳಿದುಬಿಡುತ್ತದೆ. ಅದು ಬರೀ ಕೊಳೆ ತಡೆಯುವ ತಟ್ಟೆಯಲ್ಲ. ಮೂತಿಯಿಂದ ನುಗ್ಗುವ ಗಾಳಿಯನ್ನು ರೇಡಿಯೇಟರಿನ ಮೂಲಕವೇ ಹೋಗುವಂತೆ ಮಾಡುವುದು ಅದೇ. ಕಂಡೆನ್ಸರ್ ಬಿಟ್ಟುಹೋದ ಸಂದಿಗಳನ್ನೂ ಫೋಮ್ ಅಥವಾ ತಗಡಿನಿಂದ ಮುಚ್ಚಿ, ಇಲ್ಲದಿದ್ದರೆ ಗಾಳಿ ರೇಡಿಯೇಟರನ್ನು ಬಳಸಿಕೊಂಡು ಹೋಗುತ್ತದೆ.

ಎರಡೂ ಕಡೆ ಬಿಸಿಯಾದರೆ, ರೇಡಿಯೇಟರ್ ಹೊರತೆಗೆದಿದ್ದಿರಾ ಎಂಬುದು ಪ್ರಶ್ನೆ. ಹೌದಾದರೆ ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು. ಎಂಜಿನ್ ಪೂರ್ತಿ ತಣಿದ ಮೇಲೆ ಮೂತಿ ಎತ್ತರಿಸಿ, ಹೀಟರ್ ಪೂರ್ಣ ಬಿಸಿಗೆ ಇಟ್ಟು ಕೂಲೆಂಟ್ ತುಂಬಿಸಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆರೆಯಬಾರದು. ಸೋರಿಕೆ ಕಾಣದೆ ಕೂಲೆಂಟ್ ಇಳಿಯುತ್ತಿದ್ದರೆ, ಎಣ್ಣೆ ಹಾಲುಬಣ್ಣಕ್ಕೆ ತಿರುಗಿದ್ದರೆ, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಓಡಿಸದೆ ಗಾಡಿಯನ್ನು ಟೋ ಮಾಡಿಸಿ.

ಐಡಲ್ ಏರಿಳಿಯುತ್ತದೆ, ಎಂಜಿನ್ ಆರಿಹೋಗುತ್ತದೆ

ಎಸಿ ಹಾಕಿದಾಗ ಎಂಜಿನ್ನಿನ ಮೇಲೆ ಬೀಳುವ ಭಾರಕ್ಕೆ ಸರಿಯಾಗಿ ಕಂಪ್ಯೂಟರ್ ಐಡಲನ್ನು, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ತಿರುಗುವ ವೇಗವನ್ನು, ಹೆಚ್ಚಿಸುತ್ತಿತ್ತು. ಕಂಪ್ರೆಸರೇ ಇಲ್ಲದಿದ್ದರೂ ಡ್ಯಾಶಿನ ಎಸಿ ಬಟನ್ ಒತ್ತಿದಾಗ ಐಡಲ್ ಏರಿದರೆ, ಪ್ರೆಷರ್ ಸ್ವಿಚ್ಚಿನ ಕನೆಕ್ಟರಿನಲ್ಲಿ ಯಾರೋ ತಂತಿ ಸೇರಿಸಿಟ್ಟಿದ್ದಾರೆ. ತಂತಿ ತೆಗೆದು ಕನೆಕ್ಟರಿನ ಬಾಯಿ ಮುಚ್ಚಿ.

ಪಾರ್ಕ್ ಮಾಡುವಾಗ ಸ್ಟಿಯರಿಂಗ್ ತಿರುಗಿಸಿದರೆ ಐಡಲ್ ಕುಸಿಯುತ್ತದೆಯೇ? ಸ್ಟಿಯರಿಂಗ್ ಪಂಪಿನಲ್ಲೂ ಒಂದು ಪ್ರೆಷರ್ ಸ್ವಿಚ್ ಇದೆ. ಕಂಪ್ರೆಸರ್ ಬಿಚ್ಚುವಾಗ ಅದರ ವೈರ್ ಕಳಚಿ ಉಳಿದಿರಬಹುದು.

ಇವೆರಡೂ ಅಲ್ಲವಾದರೆ ಗಾಳಿಯ ಕೊಳವೆ ನೋಡಿ. ಎಂಜಿನ್ ಮುಂಭಾಗದಲ್ಲಿ ಅಡ್ಡ ಹಾಯುವ ಗಾಳಿ ಕೊಳವೆಯನ್ನು ಜಾಗಕ್ಕಾಗಿ ಬಿಚ್ಚಿರುತ್ತೀರಿ. ಅದರ ರಬ್ಬರ್ ಹಳತಾಗಿ ಮಡಿಕೆಯೊಳಗೆ ಸೀಳಿರುತ್ತದೆ. ಕ್ಲಿಪ್ ಸರಿಯಾಗಿ ಕೂರದಿದ್ದರೂ ಅಳತೆಗೆ ಸಿಗದ ಗಾಳಿ ಒಳಗೆ ನುಸುಳುತ್ತದೆ. 1.6 ಎಂಜಿನ್ನಿನ ರೆಕ್ಕೆಯಂಥ ಏರ್‌ಫ್ಲೋ ಮೀಟರ್ ಇದನ್ನು ಸಹಿಸುವುದೇ ಇಲ್ಲ, ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಆರಿಹೋಗುತ್ತದೆ. ಇದೆಲ್ಲ ಸರಿಯಾದ ಮೇಲಷ್ಟೇ ಐಡಲ್ ಸ್ಕ್ರೂ ಮುಟ್ಟಿ: ಎಂಜಿನ್ ಪೂರ್ತಿ ಬಿಸಿಯಾಗಿರಲಿ, ಡಯಾಗ್ನಸಿಸ್ ಡಬ್ಬಿಯಲ್ಲಿ ‘ಟಿಇಎನ್’ ಮತ್ತು ‘ಜಿಎನ್‌ಡಿ’ ಸೇರಿಸಿ, 850 ಆರ್‌ಪಿಎಂಗೆ ಹೊಂದಿಸಿ, ವೈರ್ ತೆಗೆಯಿರಿ.

ಫ್ಯೂಸ್ ಹಾರುತ್ತದೆ, ಬೆಳಗ್ಗೆ ಬ್ಯಾಟರಿ ಸತ್ತಿರುತ್ತದೆ

ಕಂಪ್ರೆಸರ್ ಕ್ಲಚ್ಚಿನ ವೈರ್ ನೇತಾಡುತ್ತಾ ಬಾಡಿಗೆ ತಾಗಿದರೆ, ಎಸಿ ಬಟನ್ ಒತ್ತಿದ ಕ್ಷಣ ಫ್ಯೂಸ್ ಹೋಗಬಹುದು. ವೈರನ್ನು ಕತ್ತರಿಸದೆ ಕನೆಕ್ಟರ್ ಹಾಗೇ ಉಳಿಸಿ, ಬಾಯಿಗೆ ಹೀಟ್‌ಶ್ರಿಂಕ್ ಹಾಕಿ, ಹಾರ್ನೆಸ್ಸಿಗೆ ಕಟ್ಟಿ. ನಾಳೆ ಎಸಿ ವಾಪಸ್ ಬೇಕೆನ್ನುವವರಿಗೂ ಇದೇ ದಾರಿ. ಎಸಿ ರಿಲೇ ಕಿತ್ತಿಟ್ಟರೆ ಇನ್ನೂ ನಿಶ್ಚಿಂತೆ.

ಬ್ಯಾಟರಿ ಇಳಿಯುತ್ತಿದ್ದರೆ ಕೀ ತೆಗೆದು, ಬಾಗಿಲು ಮುಚ್ಚಿ, ನೆಗೆಟಿವ್ ತಂತಿಯ ನಡುವೆ ಮಲ್ಟಿಮೀಟರ್ ಸೇರಿಸಿ. 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋಗಿ, ಅಂಕಿ ಕುಸಿಯುವ ಫ್ಯೂಸಿನ ದಾರಿಯಲ್ಲೇ ದೋಷವಿದೆ. ಡಿಕ್ಕಿಯ ದೀಪ ಉರಿಯುತ್ತಾ ಇರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.

ಬ್ಲೋವರ್ ಸದ್ದು ಮಾಡುತ್ತದೆ, ಗಾಳಿ ಮಾತ್ರ ಬರುವುದಿಲ್ಲ

ಗ್ಲವ್‌ಬಾಕ್ಸ್ ಹಿಂದೆ ಗಾಳಿ ಮೂರು ಮನೆ ದಾಟಬೇಕು: ಬ್ಲೋವರ್, ಕೂಲಿಂಗ್ ಕಾಯಿಲ್ ಇರುವ ಪೆಟ್ಟಿಗೆ, ಹೀಟರ್. ನಡುವಿನ ಪೆಟ್ಟಿಗೆ ತೆಗೆದು ಹಾಗೇ ಬಿಟ್ಟರೆ ಗಾಳಿ ಡ್ಯಾಶ್ ಹಿಂದೆಯೇ ಚೆಲ್ಲಿಹೋಗುತ್ತದೆ. ಎಸಿ ಈ ಕಾರಿನಲ್ಲಿ ಐಚ್ಛಿಕವಾಗಿತ್ತು. ಹಾಗಾಗಿ ಎಸಿ ಇಲ್ಲದ ಕಾರಿಗೆಂದೇ ಮಾಜ್ದಾ ಮಾಡಿದ ಒಂದು ಡಕ್ಟ್ ಇದೆ, ಹಳೆಯ ಬಿಡಿಭಾಗದವರಲ್ಲಿ ವಿಚಾರಿಸಿ. ಅದು ಸಿಗದಿದ್ದರೆ ಪೆಟ್ಟಿಗೆಯೊಳಗಿನ ಕಾಯಿಲ್ ಮಾತ್ರ ತೆಗೆದು ಖಾಲಿ ಪೆಟ್ಟಿಗೆಯನ್ನು ವಾಪಸ್ ಕೂರಿಸಿ. ತೂಕದ ಒಂದೊಂದು ಗ್ರಾಮಿಗೂ ಹೋರಾಡುವ ರೇಸ್ ಕಾರಲ್ಲದಿದ್ದರೆ ನಾನು ಹೇಳುವುದು ಎರಡನೆಯ ದಾರಿಯನ್ನೇ.

ಬ್ಲೋವರ್ ಕೊನೆಯ ವೇಗದಲ್ಲಿ ಮಾತ್ರ ತಿರುಗಿದರೆ ರೆಸಿಸ್ಟರಿನ ಕನೆಕ್ಟರ್ ಕಳಚಿದೆ ಅಥವಾ ರೆಸಿಸ್ಟರ್ ಸುಟ್ಟಿದೆ.

ಅಮೆರಿಕದ 1994ರ ಮತ್ತು ನಂತರದ ಕಾರುಗಳಲ್ಲಿ ಗ್ಲವ್‌ಬಾಕ್ಸ್ ಮೇಲೆಯೇ ಏರ್‌ಬ್ಯಾಗ್ ಇದೆ. ಬ್ಯಾಟರಿ ಕಳಚಿ ಸ್ವಲ್ಪ ಹೊತ್ತು ಕಾದು ಕೈ ಹಾಕಿ. ಹಳದಿ ಕನೆಕ್ಟರುಗಳಿಗೆ ಮಲ್ಟಿಮೀಟರ್ ತಾಗಿಸಲೇಬೇಡಿ. ಏರ್‌ಬ್ಯಾಗ್ ದೀಪ ಮಿಣುಕತೊಡಗಿದರೆ ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ತಿಳಿದವರಿಗೆ ಬಿಡಿ.

ಒಳಗೆ ಹೊಗೆಯ ವಾಸನೆ, ಕಾಲಿಗೆ ಶಾಖ, ಹಾಸಿನ ಮೇಲೆ ನೀರು

ಈ ಲಕ್ಷಣವನ್ನು ಮುಂದೂಡಬೇಡಿ. ಎಸಿ ಪೈಪುಗಳು ಮತ್ತು ನೀರು ಹೋಗುವ ನಳಿಕೆ ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನ ಗೋಡೆಯಾದ ಫೈರ್‌ವಾಲ್ ತೂರಿ ಬರುತ್ತಿದ್ದವು. ಆ ತೂತುಗಳು ತೆರೆದಿದ್ದರೆ ಎಂಜಿನ್ ಕಡೆಯ ಗಾಳಿ ನೇರ ಒಳಗೆ ಬರುತ್ತದೆ. ಸೈಲೆನ್ಸರ್ ಪೈಪಿನಲ್ಲಿ ಸಣ್ಣ ಸೋರಿಕೆಯಿದ್ದರೆ ಕಾರ್ಬನ್ ಮೊನಾಕ್ಸೈಡ್ ಜೊತೆಗೇ ಬರುತ್ತದೆ. ಅದಕ್ಕೆ ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಕಂಡರೆ ಕಾರು ನಿಲ್ಲಿಸಿ, ಹೊರಗೆ ಬನ್ನಿ, ಮತ್ತೆ ಓಡಿಸಬೇಡಿ. ಲಕ್ಷಣ ಬಿಡದಿದ್ದರೆ ಆಸ್ಪತ್ರೆಗೆ ಹೋಗಿ. ತೂತುಗಳನ್ನು ಟೇಪಿನಿಂದ ಮುಚ್ಚಬೇಡಿ, ಬಿಸಿಗೆ ಅದು ಬಿಟ್ಟುಬರುತ್ತದೆ. ಅಳತೆಯ ರಬ್ಬರ್ ಬಿರಡೆ, ಇಲ್ಲವೇ ತಗಡಿನ ತುಂಡು ಮತ್ತು ಶಾಖ ತಡೆಯುವ ಸೀಲೆಂಟ್ ಬಳಸಿ. ರಾತ್ರಿ ಎಂಜಿನ್ ಕಡೆ ಟಾರ್ಚ್ ಹಚ್ಚಿಟ್ಟು ಒಳಗಿನಿಂದ ನೋಡಿದರೆ ಬೆಳಕು ಎಲ್ಲಿ ಇಣುಕುತ್ತದೆ ಎಂದು ಗೊತ್ತಾಗುತ್ತದೆ.

ನೀರಿನ ಮೂಲ ತಿಳಿಯಲು ಒಂದು ಮಗ್ ನೀರು ಸಾಕು. ಮುಂದಿನ ಗಾಜಿನ ಬುಡಕ್ಕೆ ಹೊಯ್ದಾಗ ಕಾಲಡಿ ಒದ್ದೆಯಾದರೆ ಫೈರ್‌ವಾಲ್ ತೂತು. ಸೀಟುಗಳ ಹಿಂದೆ ಒದ್ದೆಯಾದರೆ ಬಟ್ಟೆ ಟಾಪಿನ ನೀರು ಹರಿಯುವ ನಾಳಗಳು ಎಲೆ, ಮಣ್ಣಿನಿಂದ ಕಟ್ಟಿಕೊಂಡಿವೆ. ಮುಟ್ಟಿದರೆ ಜಿಡ್ಡು, ಮೂಸಿದರೆ ಸಿಹಿ ಎನ್ನುವುದು ಮಳೆನೀರಲ್ಲ, ಹೀಟರಿನ ಕೂಲೆಂಟ್. ಅದು ವಿಷ, ಮಕ್ಕಳು ಮತ್ತು ಸಾಕುಪ್ರಾಣಿಗಳನ್ನು ದೂರವಿಡಿ.

ಮಳೆಯಲ್ಲಿ ಗಾಜು ಮಂಜಾಗುತ್ತದೆ

ಎಸಿ ಗಾಳಿಯನ್ನು ತಂಪು ಮಾಡುವುದರ ಜೊತೆಗೆ ಅದರ ತೇವವನ್ನೂ ಹಿಂಡಿ ತೆಗೆಯುತ್ತಿತ್ತು. ಈಗ ಆ ಕೆಲಸ ಮಾಡುವವರಿಲ್ಲ. ಲಂಡನ್ನಿನಲ್ಲೋ ಸಿಯಾಟಲ್‌ನಲ್ಲೋ ಇರುವವರಿಗೆ ಎಸಿ ನೆನಪಾಗುವುದು ಬೇಸಿಗೆಗಿಂತ ಈ ದಿನಗಳಲ್ಲೇ. ಒಳಗಾಳಿ ಸುತ್ತುವ ಲಿವರನ್ನು ಹೊರಗಾಳಿಗೆ ಇಟ್ಟು, ಹೀಟರ್ ಬಿಸಿ ಮಾಡಿ, ಬ್ಲೋವರ್ ಗಾಜಿಗೆ ತಿರುಗಿಸಿ, ಕಿಟಕಿ ಒಂದು ಬೆರಳಷ್ಟು ಇಳಿಸಿ. ಗಾಜಿನ ಒಳಮೈಯ ಜಿಡ್ಡು ಒರೆಸಿದರೂ ಮಂಜು ಕಡಿಮೆಯಾಗುತ್ತದೆ. ಇಷ್ಟಾದರೂ ಬಿಡದಿದ್ದರೆ ಹಾಸು ಎತ್ತಿ ಅದರಡಿಯ ದಪ್ಪ ಫೆಲ್ಟನ್ನು ಹಿಂಡಿ ನೋಡಿ. ಅದರಿಂದ ನೀರು ಬಂದರೆ ಮೊದಲು ಮಗ್ ಪರೀಕ್ಷೆ ಮಾಡಿ ಸೋರಿಕೆ ಮುಚ್ಚಿ, ಫೆಲ್ಟನ್ನು ಹೊರತೆಗೆದು ಒಣಗಿಸಿದ ಮೇಲಷ್ಟೇ ಹಾಸನ್ನು ವಾಪಸ್ ಹಾಕಿ.